ಪರಂಪರೆ, ಉತ್ಸವ, ಕ್ರೀಡಾಕೂಟ: ಪ್ರವಾಸಿಗರನ್ನು ಊರಿಗೆ ಕರೆತರುವುದು ಯಾವುದು?

ಪ್ರಶ್ನೆ: ಹಳೆಯ ಕಟ್ಟಡಗಳನ್ನು ಉಳಿಸುವುದು, ಸಾಂಸ್ಕೃತಿಕ ಉತ್ಸವ ನಡೆಸುವುದು, ದೊಡ್ಡ ಕ್ರೀಡಾಕೂಟ ತರುವುದು. ಒಂದು ನಗರಕ್ಕೆ ಪ್ರವಾಸಿಗರು ಬರಬೇಕೆಂದರೆ ಈ ಮೂರರಲ್ಲಿ ಯಾವುದಕ್ಕೆ ಹಣ ಹಾಕಬೇಕು? ಒಲಿಂಪಿಕ್ಸ್ ತರಹದ ಕೂಟ ನಡೆಸಿದ ನಗರಗಳಿಗೆ ನಿಜವಾಗಿಯೂ ಲಾಭವಾಗಿದೆಯಾ? ಆ ಲಾಭವನ್ನು ಲೆಕ್ಕ ಹಾಕುವುದು ಹೇಗೆ? ಅಲ್ಲೇ ವಾಸಿಸುವ ಜನರಿಗೆ ಕಾಟವಾಗದ ಹಾಗೆ ಇದನ್ನೆಲ್ಲ ಮಾಡಲು ಸಾಧ್ಯವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನನ್ನ ಕೈಯಲ್ಲಿ ಹಣವಿದ್ದರೆ ಪ್ರತಿ ವರ್ಷ ಅದೇ ಹೊತ್ತಿಗೆ, ಊರಿನ ಹಳೆಯ ಜಾಗಗಳಲ್ಲೇ ನಡೆಯುವ, ಬಂದವರನ್ನು ಒಂದು ರಾತ್ರಿಯಾದರೂ ಉಳಿಸಿಕೊಳ್ಳುವ ಕಾರ್ಯಕ್ರಮಕ್ಕೆ ಹಾಕುತ್ತೇನೆ. ಅದು ಸಂಗೀತವಾಗಿರಬಹುದು, ನಾಟಕವಾಗಿರಬಹುದು, ಓಟವಾಗಿರಬಹುದು. ಒಂದೇ ಸಲ ನಡೆದು ಮುಗಿಯುವ ಭಾರಿ ಕ್ರೀಡಾಕೂಟವನ್ನು ಕೊನೆಗೆ ಇಡುತ್ತೇನೆ. ಯಾಕೆ ಅಂತ ಹೇಳಲು ಸ್ವಲ್ಪ ಜಾಗ ಬೇಕು.

ಮೊದಲು ಪ್ರವಾಸಿಯ ಮನಸ್ಸನ್ನು ನೋಡಿ. ಯಾವುದೋ ಊರಿನ ಹಳೆಯ ಕೋಟೆ, ಗುಡಿ, ಚರ್ಚು ನೋಡಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ವರ್ಷ ಹೋದರಾಯಿತು ಅಂದುಕೊಳ್ಳುತ್ತೇವೆ. ಆ ಮುಂದಿನ ವರ್ಷ ಎಷ್ಟೋ ಸಲ ಬರುವುದೇ ಇಲ್ಲ. ಪರಂಪರೆಯ ಬಲವೂ ಅದೇ, ದೌರ್ಬಲ್ಯವೂ ಅದೇ. ಉತ್ಸವಕ್ಕೆ ಮಾತ್ರ ತಾರೀಖು ಇರುತ್ತದೆ. ಆ ವಾರ ಹೋಗದಿದ್ದರೆ ತಪ್ಪಿತು. ಕ್ರೀಡೆಯಲ್ಲಿ ತಾರೀಖಿನ ಜೊತೆ ಅಭಿಮಾನವೂ ಸೇರಿಕೊಳ್ಳುತ್ತದೆ. ತನ್ನ ತಂಡ ಎಲ್ಲಿ ಆಡುತ್ತದೋ ಅಲ್ಲಿಗೆ ಅಭಿಮಾನಿ ಹೋಗುತ್ತಾನೆ, ಆ ಊರಿನ ಬಗ್ಗೆ ಅವನಿಗೆ ಏನೂ ಗೊತ್ತಿರಬೇಕಾಗಿಲ್ಲ. ಆದರೆ ಪಂದ್ಯ ಮುಗಿದ ಮೇಲೆ ಆ ಊರಲ್ಲಿ ಏನೂ ಇಲ್ಲದಿದ್ದರೆ ಅದೇ ರಾತ್ರಿಯ ರೈಲು ಹಿಡಿಯುತ್ತಾನೆ.

ಹಾಗಾಗಿ ಮೂರನ್ನೂ ಬೇರೆ ಬೇರೆ ಇಟ್ಟು ತೂಗುವುದೇ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಟ್ಟಡ ನೆನಪಿನಲ್ಲಿ ಉಳಿಯುತ್ತದೆ, ಕಾರ್ಯಕ್ರಮ ಹೊರಡಿಸುತ್ತದೆ. ಎರಡೂ ಒಂದೇ ಜಾಗದಲ್ಲಿ ಕೂಡಿದರೆ ಏನಾಗುತ್ತದೆ ಎಂದು ತಿಳಿಯಲು ಇಟಲಿಯ ವೆರೋನಾ ನಗರವನ್ನು ನೋಡಬೇಕು.

ವೆರೋನಾದ ನಟ್ಟನಡುವೆ ಕ್ರಿ.ಶ. 1ನೇ ಶತಮಾನದ ರೋಮನ್ ಬಯಲು ರಂಗಮಂದಿರವಿದೆ. ಹಾಗೇ ಬಿಟ್ಟಿದ್ದರೆ ಅದು ಟಿಕೆಟ್ ತೆಗೆದು, ಒಂದು ಸುತ್ತು ಹಾಕಿ, ಫೋಟೋ ಹೊಡೆದು, ಅರ್ಧ ಗಂಟೆಯಲ್ಲಿ ಹೊರಗೆ ಬರುವ ಜಾಗವಾಗಿರುತ್ತಿತ್ತು. 1913ರಲ್ಲಿ ಸಂಗೀತಗಾರ ವೆರ್ದಿ ಹುಟ್ಟಿದ ನೂರನೇ ವರ್ಷಕ್ಕೆ ಅಲ್ಲಿ ಅವರ 'ಐದಾ' ಒಪೆರಾ ಆಡಿಸಿದರು. ಯುದ್ಧದ ವರ್ಷಗಳಂಥ ಕೆಲವು ಬಿಡುವುಗಳನ್ನು ಬಿಟ್ಟರೆ ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಅಲ್ಲಿ ಒಪೆರಾ ನಡೆಯುತ್ತಿದೆ. ಬಯಲಲ್ಲಿ ಆಡುವುದರಿಂದ ಕತ್ತಲಾಗುವವರೆಗೆ ಕಾಯಲೇಬೇಕು. ಆಟ ಶುರುವಾಗುವುದು ರಾತ್ರಿ ಒಂಬತ್ತರ ಸುಮಾರಿಗೆ. ನಡುವೆ ವಿರಾಮಗಳು. ಮುಗಿಯುವಾಗ ಎಷ್ಟೋ ಸಲ ಮಧ್ಯರಾತ್ರಿ ದಾಟಿರುತ್ತದೆ. ಆ ಹೊತ್ತಿಗೆ ಪ್ರೇಕ್ಷಕ ಎಲ್ಲಿಗೆ ಹೋಗುತ್ತಾನೆ? ಊರಲ್ಲೇ ಮಲಗುತ್ತಾನೆ. ಅಂದರೆ ಹೋಟೆಲ್ ರೂಮು, ರಾತ್ರಿ ಊಟ, ಬೆಳಗಿನ ಕಾಫಿ. ಮರುದಿನ ಊರು ಸುತ್ತಲು ಅರ್ಧ ದಿನ. ಒಂದೇ ಒಪೆರಾವನ್ನು ಸೀಸನ್ ಪೂರ್ತಿ ಆಡುವುದೂ ಇಲ್ಲ. ಹಲವು ಒಪೆರಾಗಳು ಸರದಿಯ ಮೇಲೆ ಬರುತ್ತವೆ. ಇಂದು ಒಂದು, ನಾಳೆ ಇನ್ನೊಂದು. ಇನ್ನೂ ಒಂದು ರಾತ್ರಿ ಇದ್ದು ಅದನ್ನೂ ನೋಡಿಕೊಂಡೇ ಹೋಗೋಣ ಅಂತ ಅನ್ನಿಸುತ್ತದೆ.

ಇನ್ನೊಂದು ಸೊಗಸು ನೋಡಿ. ಒಳಗೆ ಅಷ್ಟೂ ಒಪೆರಾಗಳ ರಂಗಸಜ್ಜಿಕೆ ಇಡಲು ಜಾಗವಿಲ್ಲ. ಹಾಗಾಗಿ ಈಜಿಪ್ಟಿನ ದೈತ್ಯ ಮೂರ್ತಿಗಳು, ಕಂಬಗಳು, ಮೆಟ್ಟಿಲುಗಳು ಎಲ್ಲವನ್ನೂ ಪಕ್ಕದ ಚೌಕದಲ್ಲೇ ಇಟ್ಟಿರುತ್ತಾರೆ. ಕ್ರೇನ್‌ನಿಂದ ಎತ್ತಿ ಒಳಗೆ ಇಳಿಸುತ್ತಾರೆ. ಟಿಕೆಟ್ ಇಲ್ಲದವರೂ ಸುಮ್ನೆ ನಿಂತು ಅದನ್ನು ನೋಡುತ್ತಾರೆ. ಊರಿಗೆ ಊರೇ ನಾಟಕದ ಹಿಂಬದಿಯಾಗಿಬಿಡುತ್ತದೆ. ಇದನ್ನು ಯಾವ ಹೊಸ ಸಭಾಂಗಣವೂ ಕೊಡಲಾರದು.

ಫ್ರಾನ್ಸಿನ ಅವಿನ್ಯೋನ್ ನಗರದ್ದೂ ಇದೇ ದಾರಿ. 1947ರಲ್ಲಿ ರಂಗ ನಿರ್ದೇಶಕ ಜಾನ್ ವಿಲಾರ್ ಅಲ್ಲಿನ ಪೋಪ್‌ಗಳ ಹಳೆಯ ಅರಮನೆಯ ಅಂಗಳದಲ್ಲಿ ನಾಟಕ ಆಡಿಸಿದರು. ಇವತ್ತು ಪ್ರತಿ ಜುಲೈಯಲ್ಲಿ ರಂಗಭೂಮಿಯ ಜನರೆಲ್ಲ ಅತ್ತ ಮುಖ ಮಾಡುತ್ತಾರೆ. ಅದೇ 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲೂ ಉತ್ಸವ ಶುರುವಾಯಿತು. ಅಲ್ಲಿ ಆಹ್ವಾನವೇ ಇಲ್ಲದೆ ಎಂಟು ನಾಟಕ ತಂಡಗಳು ಬಂದು, ಸಿಕ್ಕ ಜಾಗದಲ್ಲಿ ಆಡಿದವು. ಸಂಘಟಕರು ಅವರನ್ನು ಓಡಿಸಬಹುದಿತ್ತು. ಓಡಿಸಲಿಲ್ಲ. ಆ ಎಂಟು ತಂಡಗಳಿಂದ ಹುಟ್ಟಿದ 'ಫ್ರಿಂಜ್' ಇವತ್ತು ಮೂಲ ಉತ್ಸವಕ್ಕಿಂತ ಎಷ್ಟೋ ದೊಡ್ಡದು. ಚರ್ಚಿನ ಹಾಲು, ಕಾಲೇಜಿನ ಕ್ಲಾಸ್‌ರೂಮು, ಹೋಟೆಲಿನ ಮಹಡಿ ಎಲ್ಲವೂ ಆಗಸ್ಟ್ ತಿಂಗಳಲ್ಲಿ ರಂಗಮಂಚ. ಕೋಟೆಯ ಮುಂದಿನ ಮೈದಾನದಲ್ಲಿ 1950ರಿಂದ ಸೇನಾ ವಾದ್ಯಮೇಳ. ಇದಕ್ಕಾಗಿ ಯಾರೂ ಹೊಸ ಬೃಹತ್ ಕಟ್ಟಡ ಎಬ್ಬಿಸಲಿಲ್ಲ. ಇದ್ದ ಜಾಗಗಳಿಗೆ ಒಂದು ತಿಂಗಳು ಬೇರೆ ಕೆಲಸ ಕೊಟ್ಟರು, ಅಷ್ಟೆ.

ಕ್ರೀಡೆಯಲ್ಲಿ ಇದಕ್ಕೆ ಹತ್ತಿರದ್ದು ಮ್ಯಾರಥಾನ್. ಯಾರೂ ಸ್ಟೇಡಿಯಂ ಕಟ್ಟಬೇಕಾಗಿಲ್ಲ, ರಸ್ತೆಯೇ ಮೈದಾನ. ಬಾಸ್ಟನ್ ಮ್ಯಾರಥಾನ್ 1897ರಿಂದ ನಡೆಯುತ್ತಿದೆ. ಏಪ್ರಿಲ್‌ನ ಮೂರನೇ ಸೋಮವಾರ ಎಂದು ದಿನವೂ ಗೊತ್ತು. ಇಲ್ಲಿ ಒಂದು ಸಣ್ಣ ನಿಯಮವನ್ನು ಗಮನಿಸಿ. ಎದೆಗೆ ಅಂಟಿಸಿಕೊಳ್ಳುವ ಬಿಬ್ ನಂಬರನ್ನು ಓಟಗಾರ ತಾನೇ ಬಂದು ತೆಗೆದುಕೊಳ್ಳಬೇಕು. ಅದೂ ಓಟಕ್ಕಿಂತ ಮುಂಚಿನ ದಿನಗಳಲ್ಲಿ. ಓಟದ ಬೆಳಿಗ್ಗೆ ಕೊಡುವುದಿಲ್ಲ. ಲಂಡನ್ ಮ್ಯಾರಥಾನ್‌ನಲ್ಲೂ ಹಾಗೇ. ಭದ್ರತೆ, ಗುರುತು ಪರಿಶೀಲನೆ ಅಂತ ಕಾರಣಗಳಿವೆ, ಸರಿ. ಆದರೆ ಊರಿನ ಹೋಟೆಲುಗಳಿಗೆ ಇದರಿಂದ ಏನಾಗುತ್ತದೆ ಯೋಚಿಸಿ. ದೂರದಿಂದ ಬರುವ ಪ್ರತಿಯೊಬ್ಬ ಓಟಗಾರನೂ ಕನಿಷ್ಠ ಒಂದು ರಾತ್ರಿ ಉಳಿಯಲೇಬೇಕು. ಒಬ್ಬನೇ ಬರುವುದೂ ಕಡಿಮೆ. ಹೆಂಡತಿಯೋ, ಗಂಡನೋ, ಮಕ್ಕಳೋ, ಗೆಳೆಯರೋ ಜೊತೆಗೆ ಇರುತ್ತಾರೆ. ಓಡಿ ಸುಸ್ತಾದವರು ಅವತ್ತೇ ಹೊರಡುವುದೂ ಕಷ್ಟ. ಲಂಡನ್‌ನಲ್ಲಿ ಓಟ ಮುಗಿಸುವವರ ಸಂಖ್ಯೆ ಈಗ 50,000 ದಾಟಿದೆ. ಇಷ್ಟು ಜನರ ಜೊತೆ ಬರುವವರನ್ನೂ ಸೇರಿಸಿಕೊಳ್ಳಿ. ಓಡುವ ದಾರಿಯನ್ನೂ ಊರಿನ ಹೆಸರಾಂತ ಸೇತುವೆ, ನದಿ, ಅರಮನೆಗಳ ಪಕ್ಕದಲ್ಲೇ ಹಾಯಿಸಿರುತ್ತಾರೆ. ಟಿವಿಯಲ್ಲಿ ನೋಡುವವರಿಗೆ ಗಂಟೆಗಟ್ಟಲೆ ಊರಿನ ದರ್ಶನ.

ಈಗ ನಿಮ್ಮ ಎರಡನೇ ಪ್ರಶ್ನೆ. ಒಲಿಂಪಿಕ್ಸ್ ನಡೆಸಿದರೆ ಪ್ರವಾಸಿಗರು ಮುಗಿಬೀಳುತ್ತಾರೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ವಾಸ್ತವ ಬೇರೆ. 2012ರ ಆಗಸ್ಟ್‌ನಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟ್‌ಗಿಂತ ಕಡಿಮೆಯಿತ್ತು. ಬಂದವರು ಜಾಸ್ತಿ ಖರ್ಚು ಮಾಡಿದರು ನಿಜ. ಆದರೆ ಯಾವಾಗಲೂ ಬರುತ್ತಿದ್ದವರು ಬರಲಿಲ್ಲ. ರೂಮಿನ ದರ ಏರಿರುತ್ತದೆ, ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಈ ವರ್ಷ ಬೇಡ ಎಂದು ದೂರ ಉಳಿದರು. ನಗರದ ಆಡಳಿತವೇ ರಸ್ತೆ, ರೈಲುಗಳಲ್ಲಿ ವಿಪರೀತ ಜನ ಇರುತ್ತಾರೆ ಎಂದು ತಿಂಗಳುಗಟ್ಟಲೆ ಎಚ್ಚರಿಸಿತ್ತು. ಕ್ರೀಡೆಗೆ ಬಂದವರು ಕ್ರೀಡೆ ನೋಡಿದರು. ಲಂಡನ್ನಿನ ವಸ್ತುಸಂಗ್ರಹಾಲಯಗಳಿಗೆ, ಹೆಸರಾಂತ ತಾಣಗಳಿಗೆ ಆ ಬೇಸಿಗೆಯಲ್ಲಿ ಎಂದಿನ ಜನ ಬರಲಿಲ್ಲ. ಮೊದಲೇ ತುಂಬಿದ ಊರಿನಲ್ಲಿ ತುಂಬಿದ ಸೀಸನ್‌ಗೇ ಇನ್ನೊಂದು ಜಾತ್ರೆ ಸೇರಿಸಿದರೆ ಹೊಸಬರು ಹಳಬರನ್ನು ತಳ್ಳುತ್ತಾರೆ.

ಸಣ್ಣ ಊರಿಗೆ ಇನ್ನೊಂದು ಬಗೆಯ ಪೆಟ್ಟು. ನಾರ್ವೆಯ ಲಿಲ್ಲೆಹಾಮರ್ 25,000 ಜನರಿಗಿಂತ ಕಡಿಮೆ ಇದ್ದ ಪಟ್ಟಣ. 1994ರ ಚಳಿಗಾಲದ ಒಲಿಂಪಿಕ್ಸ್ ಅಲ್ಲಿ ಬಹಳ ಚೆನ್ನಾಗಿ ನಡೆಯಿತು. ಮುಂದೆ ಜನ ಬರುತ್ತಲೇ ಇರುತ್ತಾರೆ ಎಂದು ಲೆಕ್ಕ ಹಾಕಿ ಹೋಟೆಲುಗಳನ್ನು ಕಟ್ಟಿದ್ದರು. ಬಂದರೂ ಅಷ್ಟು ಬರಲಿಲ್ಲ. ಹಲವು ಹೋಟೆಲುಗಳು ದಿವಾಳಿಯಾದವು. ಎರಡು ವಾರದ ಗಿರಾಕಿಯನ್ನು ನಂಬಿ ಮೂವತ್ತು ವರ್ಷದ ಸಾಲ ಮಾಡಬಾರದು ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು. ಮಾಂಟ್ರಿಯಲ್‌ಗಂತೂ 1976ರ ಒಲಿಂಪಿಕ್ಸ್ ಸ್ಟೇಡಿಯಂ ಸಾಲ ತೀರಿದ್ದು 2006ರಲ್ಲಿ.

ನನಗೆ ಎಲ್ಲಕ್ಕಿಂತ ಬೇಸರ ತರುವುದು ಬ್ರೆಜಿಲ್‌ನ ಮನೌಸ್ ನಗರದ ಕಥೆ. ಅಮೆಜಾನ್ ಕಾಡಿನ ನಡುವಿನ ಊರು ಅದು. 2014ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಅಲ್ಲಿ 40,000ಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಂ ಕಟ್ಟಿದರು. ವಿಶ್ವಕಪ್‌ನಲ್ಲಿ ಅಲ್ಲಿ ನಡೆದದ್ದು ನಾಲ್ಕು ಪಂದ್ಯ. ಅಷ್ಟು ಜನರನ್ನು ವಾರವಾರ ಸೆಳೆಯುವ ದೊಡ್ಡ ತಂಡ ಆ ಊರಲ್ಲಿ ಇರಲೇ ಇಲ್ಲ. ಅದೇ ಊರಲ್ಲಿ ರಬ್ಬರ್ ವ್ಯಾಪಾರ ಉತ್ತುಂಗದಲ್ಲಿದ್ದ ಕಾಲದ, 1896ರಲ್ಲಿ ಬಾಗಿಲು ತೆರೆದ ಒಪೆರಾ ಮಂದಿರವಿದೆ. 1997ರಿಂದ ಅಲ್ಲಿ ಒಪೆರಾ ಉತ್ಸವ ಮಾಡುತ್ತಾ ಬಂದಿದ್ದಾರೆ. ಮನೌಸ್‌ಗೆ ಹೋದ ಪ್ರವಾಸಿ ತಪ್ಪದೆ ನೋಡುವುದು ಆ ಹಳೆಯ ಮಂದಿರವನ್ನು. ಸ್ಟೇಡಿಯಂಗೆ ಸುರಿದ ಹಣದಲ್ಲಿ ಒಂದು ಪಾಲು ಈ ಉತ್ಸವಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದೆ ಇರಲು ಆಗುವುದಿಲ್ಲ.

ಹಾಗಾದರೆ ಬಾರ್ಸಿಲೋನಾ? ದೊಡ್ಡ ಕೂಟ ತರಬೇಕು ಎನ್ನುವವರೆಲ್ಲ ಕೊಡುವ ಉದಾಹರಣೆ ಅದೇ. 1990ರಲ್ಲಿ ಅಲ್ಲಿನ ಹೋಟೆಲುಗಳಲ್ಲಿ ತಂಗಿದ ಪ್ರವಾಸಿಗರು ಸುಮಾರು 17 ಲಕ್ಷ. 2000ದಲ್ಲಿ 31 ಲಕ್ಷ. ನಡುವೆ 1992ರ ಒಲಿಂಪಿಕ್ಸ್. ಆದರೆ ಹಣ ಎಲ್ಲಿಗೆ ಹೋಯಿತು ಎಂದು ನೋಡಿ. ಒಟ್ಟು ಹೂಡಿಕೆಯಲ್ಲಿ ಕ್ರೀಡಾ ಕಟ್ಟಡಗಳಿಗೆ ಹೋದದ್ದು ಹತ್ತರಲ್ಲಿ ಒಂದು ಪಾಲಿನಷ್ಟು. ಮುಖ್ಯ ಸ್ಟೇಡಿಯಂ ಕೂಡ 1929ರದ್ದೇ, ರಿಪೇರಿ ಮಾಡಿದ್ದು. ಉಳಿದ ಹಣ ವರ್ತುಲ ರಸ್ತೆ, ಚರಂಡಿ, ವಿಮಾನ ನಿಲ್ದಾಣ, ಹಳೆಯ ಬಂದರಿನ ಕಡೆ ಹೋಯಿತು. ಊರಿಗೂ ಕಡಲಿಗೂ ನಡುವೆ ರೈಲು ಹಳಿಗಳು, ಹಳೆಯ ಕಾರ್ಖಾನೆಗಳು ಅಡ್ಡ ನಿಂತಿದ್ದವು. ಅವನ್ನು ತೆಗೆದು ಕಡಲತೀರವನ್ನೇ ಊರಿಗೆ ವಾಪಸ್ ಕೊಟ್ಟರು. ವಾಸ್ತುಶಿಲ್ಪಿ ಗೌಡಿಯ ಕಟ್ಟಡಗಳು ಮೊದಲಿನಿಂದಲೂ ಇದ್ದವು. ಅವುಗಳಲ್ಲಿ ಕೆಲವು 1984ರಲ್ಲೇ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದ್ದವು. ಒಲಿಂಪಿಕ್ಸ್ ಒಂದು ಗಡುವು ಕೊಟ್ಟಿತು. ಜಗತ್ತಿನ ಕಣ್ಣು ಆ ಕಡೆ ತಿರುಗಿಸಿತು. ಆದರೆ ತೋರಿಸಲು ಊರು ಇತ್ತು. 1993ರಲ್ಲಿ ಪ್ರವಾಸೋದ್ಯಮಕ್ಕಾಗಿಯೇ ಒಂದು ಸಂಸ್ಥೆ ಮಾಡಿದರು, ಕ್ರೀಡಾಕೂಟ ಮುಗಿದ ಮರುವರ್ಷವೇ. ಎಷ್ಟೋ ನಗರಗಳು ಮುಕ್ತಾಯ ಸಮಾರಂಭದ ಜೊತೆಗೇ ಕಚೇರಿಗೂ ಬೀಗ ಹಾಕುತ್ತವೆ.

ಅಥೆನ್ಸ್‌ನಲ್ಲಿ ಎರಡೂ ಮುಖ ಒಟ್ಟಿಗೇ ಕಾಣುತ್ತವೆ. 2004ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಎಷ್ಟೋ ಕ್ರೀಡಾಂಗಣಗಳಲ್ಲಿ ಹುಲ್ಲು ಬೆಳೆಯಿತು. ಆದರೆ ಅದೇ ಹೊತ್ತಿಗೆ ಮೆಟ್ರೊ ಬಂತು, ಹೊಸ ವಿಮಾನ ನಿಲ್ದಾಣ ಬಂತು, ಅಕ್ರೊಪೊಲಿಸ್ ಸುತ್ತ ವಾಹನಗಳಿಲ್ಲದ ಉದ್ದನೆಯ ಕಾಲುದಾರಿ ಬಂತು. ಇವತ್ತು ಪ್ರವಾಸಿಗಳು ಸಂಜೆ ಓಡಾಡುವುದು ಆ ದಾರಿಯಲ್ಲಿ. ಪ್ಯಾರಿಸ್ 2024ರಲ್ಲಿ ಈ ಪಾಠ ಕಲಿತಂತೆ ಕಂಡಿತು. ಶೇ. 95ರಷ್ಟು ಜಾಗಗಳು ಮೊದಲೇ ಇದ್ದವು ಅಥವಾ ತಾತ್ಕಾಲಿಕ. ಐಫೆಲ್ ಗೋಪುರದ ಬುಡದಲ್ಲಿ ಬೀಚ್ ವಾಲಿಬಾಲ್, ಗ್ರ್ಯಾಂಡ್ ಪ್ಯಾಲೆಸ್ ಒಳಗೆ ಕತ್ತಿವರಸೆ, ವರ್ಸೇಲ್ಸ್‌ನಲ್ಲಿ ಕುದುರೆ ಸವಾರಿ. ವೆರೋನಾದವರು ನೂರು ವರ್ಷದ ಹಿಂದೆ ಮಾಡಿದ್ದೂ ಇದನ್ನೇ ಅಲ್ವಾ?

ಬಿಲ್ಬಾವೊ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದನ್ನು ತಪ್ಪಾಗಿ ಓದಿದ ನಗರಗಳು ಬಹಳ. ಸ್ಪೇನಿನ ಈ ಊರಲ್ಲಿ ಉಕ್ಕು, ಹಡಗು ಕಟ್ಟುವ ಉದ್ಯಮ ಕುಸಿದಿತ್ತು. 1997ರಲ್ಲಿ ಫ್ರಾಂಕ್ ಗೆಹ್ರಿ ವಿನ್ಯಾಸದ ಗುಗೆನ್‌ಹೈಮ್ ಕಲಾ ಸಂಗ್ರಹಾಲಯ ತೆರೆಯಿತು. ಮೊದಲ ವರ್ಷವೇ 10 ಲಕ್ಷಕ್ಕೂ ಜಾಸ್ತಿ ಜನ. ಆಗಿನಿಂದ ಚಂದದ ಒಂದು ಕಟ್ಟಡ ಕಟ್ಟಿದರೆ ಸಾಕು ಎಂದುಕೊಂಡ ಊರುಗಳಿಗೆ ಲೆಕ್ಕವಿಲ್ಲ. ಬಿಲ್ಬಾವೊ ಅದಕ್ಕೂ ಮುಂಚೆ, 1995ರಲ್ಲಿ, ಮೆಟ್ರೊ ಓಡಿಸಿತ್ತು. ಕೊಳೆತು ನಾರುತ್ತಿದ್ದ ನದಿಯನ್ನು ವರ್ಷಗಟ್ಟಲೆ ತೊಳೆದಿತ್ತು. ಬಂದರನ್ನು ಊರಿನ ನಡುವಿನಿಂದ ಹೊರಗೆ ಸಾಗಿಸುತ್ತಿತ್ತು. ಫೋಟೋದಲ್ಲಿ ಕಾಣುವುದು ಸಂಗ್ರಹಾಲಯ ಮಾತ್ರ.

ಮೂರೂ ಒಂದೇ ಊರಲ್ಲಿ ಹೇಗೆ ಹೆಣೆದುಕೊಳ್ಳುತ್ತವೆ, ಹೇಗೆ ಒಂದನ್ನೊಂದು ತುಳಿಯುತ್ತವೆ ಎಂದು ನೋಡಬೇಕಾದರೆ ಇಂಗ್ಲೆಂಡಿನ ಲಿವರ್‌ಪೂಲ್‌ಗಿಂತ ಒಳ್ಳೆಯ ಊರಿಲ್ಲ. 1930ರ ದಶಕದಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 2001ರ ಹೊತ್ತಿಗೆ ಅರ್ಧದಷ್ಟಾಗಿತ್ತು. ಬಂದರಿನ ಕೆಲಸ ಹೋಗಿತ್ತು. ಹಳೆಯ ಆಲ್ಬರ್ಟ್ ಡಾಕ್ (ಡಾಕ್ ಅಂದರೆ ಹಡಗು ನಿಲ್ಲುವ ಕೊಳ) ಗೋದಾಮುಗಳನ್ನು ಕೆಡವದೆ ಉಳಿಸಿಕೊಂಡರು. 1988ರಲ್ಲಿ ಅಲ್ಲೇ ಟೇಟ್ ಕಲಾ ಗ್ಯಾಲರಿ ತೆರೆಯಿತು. 2004ರಲ್ಲಿ ಬಂದರು ಪ್ರದೇಶ ವಿಶ್ವ ಪರಂಪರೆ ಪಟ್ಟಿ ಸೇರಿತು. 2008ರಲ್ಲಿ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಆ ವರ್ಷ ನಾಲ್ಕೈದು ಮಹಡಿ ಎತ್ತರದ ಯಾಂತ್ರಿಕ ಜೇಡವೊಂದು ಬೀದಿಗಳಲ್ಲಿ ನಡೆದಾಡಿತು, ನೋಡಲು ಲಕ್ಷಗಟ್ಟಲೆ ಜನ ಸೇರಿದರು. ಆ ವರ್ಷದ ಬಗ್ಗೆ ನಡೆದ ಅಧ್ಯಯನ ಒಂದು ಒಳ್ಳೆಯ ಕೆಲಸ ಮಾಡಿತು. ಬಂದವರನ್ನೆಲ್ಲ ಒಟ್ಟಿಗೆ ಎಣಿಸಿ ಬೀಗಲಿಲ್ಲ. ಈ ಕಾರಣಕ್ಕಾಗಿಯೇ ಬಂದ ಭೇಟಿಗಳೆಷ್ಟು ಎಂದು ಬೇರೆ ಮಾಡಿ ನೋಡಿತು. 97 ಲಕ್ಷ ಭೇಟಿ, ಆ ವರ್ಷದ ಒಟ್ಟು ಭೇಟಿಗಳಲ್ಲಿ ಮೂರನೇ ಒಂದು ಪಾಲಿನಷ್ಟು.

ಆಮೇಲೆ ಜಗಳ ಶುರುವಾಯಿತು. ಬಂದರಿನ ಅಂಚಿನಲ್ಲಿ ಎತ್ತರದ ಕಟ್ಟಡಗಳ ದೊಡ್ಡ ಯೋಜನೆ ಬಂತು. 2012ರಲ್ಲಿ ಯುನೆಸ್ಕೋ ಅಪಾಯದ ಪಟ್ಟಿಗೆ ಹಾಕಿತು. 2012ರಲ್ಲಿ ಯುನೆಸ್ಕೋ ಅಪಾಯದ ಪಟ್ಟಿಗೆ ಹಾಕಿತು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಿಂದಲೇ ತೆಗೆದುಹಾಕಿತು. ಹಾಗೆ ಪಟ್ಟಿಯಿಂದ ಹೊರಬಿದ್ದ ಮೂರನೇ ತಾಣ ಅದು. ಪ್ರವಾಸಿಗರು ನಿಂತುಬಿಟ್ಟರಾ? ಇಲ್ಲ. ಬೀಟಲ್ಸ್‌ಗಾಗಿ, ಫುಟ್‌ಬಾಲ್‌ಗಾಗಿ, ಬಂದರಿಗಾಗಿ ಜನ ಬರುತ್ತಲೇ ಇದ್ದಾರೆ. 2023ರಲ್ಲಿ ಯುರೋವಿಷನ್ ಗಾಯನ ಸ್ಪರ್ಧೆಯೂ ಅಲ್ಲೇ ನಡೆಯಿತು. ಮೊದಲೇ ಹೆಸರು ಮಾಡಿದ ಊರಿಗೆ ಆ ಪಟ್ಟಿಯಿಂದ ಸಿಗುವ ಹೆಚ್ಚಿನ ಪ್ರವಾಸಿಗರು ಕಡಿಮೆ. ಯಾರಿಗೂ ಗೊತ್ತಿಲ್ಲದ ತಾಣಕ್ಕೆ ಅದು ದೊಡ್ಡ ವರ. ಆದರೂ ಲಿವರ್‌ಪೂಲ್ ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ಮುಚ್ಚಿದ ಡಾಕ್ ಮತ್ತೆ ಬರುವುದಿಲ್ಲ. ಸ್ಟೇಡಿಯಂಗೆ ಬೇರೆ ಜಾಗ ಹುಡುಕಬಹುದಿತ್ತು.

ಲೆಕ್ಕ ಹಾಕುವ ವಿಷಯಕ್ಕೆ ಬರೋಣ. ಉತ್ಸವ ಮುಗಿದ ಮರುದಿನ ಇಷ್ಟು ಲಕ್ಷ ಜನ ಸೇರಿದ್ದರು ಎಂದು ಘೋಷಿಸುವುದು ರೂಢಿ. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಊರಿನವರೇ ಎಷ್ಟೋ ಮಂದಿ. ಅವರು ಉತ್ಸವದಲ್ಲಿ ಖರ್ಚು ಮಾಡದಿದ್ದರೆ ಅದೇ ಹಣವನ್ನು ಸಿನಿಮಾಕ್ಕೋ ಹೋಟೆಲ್‌ಗೋ ಕೊಡುತ್ತಿದ್ದರು. ಊರಿಗೆ ಹೊಸದಾಗಿ ಬಂದ ಹಣ ಅದಲ್ಲ. ಇನ್ನು ಕೆಲವರು ಹೇಗೂ ಬರುವವರೇ, ಪ್ರವಾಸವನ್ನು ಆ ವಾರಕ್ಕೆ ಹೊಂದಿಸಿಕೊಂಡರು ಅಷ್ಟೆ. ಇವರನ್ನೆಲ್ಲ ತೆಗೆದ ಮೇಲೆ ಉಳಿಯುವವರೇ ಕಾರ್ಯಕ್ರಮದಿಂದಾಗಿ ಬಂದ ಪ್ರವಾಸಿಗರು. ಇದಕ್ಕೆ ದೊಡ್ಡ ಸಲಹಾ ಸಂಸ್ಥೆ ಬೇಕಿಲ್ಲ. ಬಾಗಿಲಲ್ಲಿ ನಿಂತು, ಪ್ರತಿ ಇಪ್ಪತ್ತನೆಯವರನ್ನೋ ಮೂವತ್ತನೆಯವರನ್ನೋ ಕೇಳಿ. ಎಲ್ಲಿಂದ ಬಂದಿರಿ? ಈ ಕಾರ್ಯಕ್ರಮ ಇಲ್ಲದಿದ್ದರೂ ಈ ದಿನಗಳಲ್ಲಿ ಇಲ್ಲಿಗೆ ಬರುತ್ತಿದ್ದಿರಾ? ಇವತ್ತು ರಾತ್ರಿ ಎಲ್ಲಿ ತಂಗುತ್ತೀರಿ, ಎಷ್ಟು ರಾತ್ರಿ? ಉತ್ತರಗಳ ಜೊತೆ ಆ ತಿಂಗಳು ಹೋಟೆಲುಗಳಲ್ಲಿ ಎಷ್ಟು ರೂಮು ತುಂಬಿತ್ತು, ಹಿಂದಿನ ವರ್ಷ ಎಷ್ಟಿತ್ತು ಎಂದು ಪಕ್ಕಪಕ್ಕ ಇಟ್ಟು ನೋಡಿ. ಚಿತ್ರ ಸ್ಪಷ್ಟವಾಗುತ್ತದೆ. ಬಂದ ಹಣದಲ್ಲಿ ಎಷ್ಟು ಊರಲ್ಲೇ ಉಳಿಯಿತು ಎನ್ನುವುದನ್ನೂ ನೋಡಬೇಕು. ವೇದಿಕೆ, ಧ್ವನಿ, ಊಟ, ಟಿಕೆಟ್ ಮಾರಾಟ ಎಲ್ಲವೂ ಹೊರಗಿನ ಗುತ್ತಿಗೆಯಾದರೆ ಹಣವೂ ಹೊರಗೇ ಹೋಗುತ್ತದೆ.

ತಾರೀಖಿನ ಬಗ್ಗೆಯೂ ಸಂಘಟಕರು ಸಾಕಷ್ಟು ಯೋಚಿಸುವುದಿಲ್ಲ. ಖಾಲಿ ಇರುವ ತಿಂಗಳಿಗೆ ಕಾರ್ಯಕ್ರಮ ಹಾಕಬೇಕು. ವೆನಿಸ್‌ನ ಕಾರ್ನಿವಲ್ 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದ ಮೇಲೆ ಕಳೆಗುಂದಿತ್ತು. 1979ರ ಹೊತ್ತಿಗೆ ಅದಕ್ಕೆ ಮತ್ತೆ ಜೀವ ಕೊಟ್ಟಾಗ ಬಂದ ದೊಡ್ಡ ಲಾಭವೆಂದರೆ ಚಳಿಗಾಲದಲ್ಲೂ ಹೋಟೆಲುಗಳು ತುಂಬಿದ್ದು. ಮೆಲ್ಬರ್ನ್ ಇನ್ನೂ ಜಾಣತನದಿಂದ ವರ್ಷಪೂರ್ತಿ ಹಂಚಿಕೊಂಡಿದೆ. ಜನವರಿಯಲ್ಲಿ ಟೆನಿಸ್, ಮಾರ್ಚ್ ಸುಮಾರಿಗೆ ಕಾರ್ ರೇಸ್, ಸೆಪ್ಟೆಂಬರ್‌ನಲ್ಲಿ ಅವರದೇ ಫುಟ್‌ಬಾಲ್ ಫೈನಲ್, ನವೆಂಬರ್‌ನಲ್ಲಿ 1861ರಿಂದ ಬಂದ ಕುದುರೆ ರೇಸ್, ಡಿಸೆಂಬರ್ 26ಕ್ಕೆ ಕ್ರಿಕೆಟ್ ಟೆಸ್ಟ್. ಟೆನಿಸ್ ಅಂಗಳವೂ ಕ್ರಿಕೆಟ್ ಮೈದಾನವೂ ಅಕ್ಕಪಕ್ಕ, ಊರಿನ ನಡುವಿನಿಂದ ನಡೆದೇ ಹೋಗಬಹುದು. ಒಂದು ಕಟ್ಟಡ ವರ್ಷಕ್ಕೆ ಹಲವು ಸಲ ದುಡಿಯುತ್ತದೆ. ನೋಡಲು ಬಂದವನು ಆಟದ ಮುಂಚೆ, ಆಟದ ನಂತರ ಪೇಟೆಯಲ್ಲೇ ಇರುತ್ತಾನೆ.

ದೊಡ್ಡ ನಗರಗಳದ್ದೇ ಮಾತಾಯಿತು, ಸಣ್ಣ ಊರಿಗೆ ಏನು ಎಂದು ಕೇಳಬಹುದು. ವೇಲ್ಸ್‌ನ ಹೇ-ಆನ್-ವೈ 2,000 ಜನರೂ ಇಲ್ಲದ ಊರು. 1960ರ ದಶಕದಿಂದ ಅಲ್ಲಿ ಹಳೆಯ ಪುಸ್ತಕದಂಗಡಿಗಳು ಒಂದರ ಪಕ್ಕ ಒಂದು ಹುಟ್ಟಿಕೊಂಡವು. 1988ರಲ್ಲಿ ಸಾಹಿತ್ಯ ಉತ್ಸವ ಶುರುವಾಯಿತು. ಇವತ್ತು ಅದಕ್ಕೆ ಜಗತ್ತಿನ ಲೇಖಕರು ಬರುತ್ತಾರೆ. ಅಂಗಡಿಗಳು ಮೊದಲು, ಉತ್ಸವ ಆಮೇಲೆ. ಈ ಕ್ರಮ ಮುಖ್ಯ. ಜರ್ಮನಿಯ ಒಬರಾಮರ್‌ಗೌ ಇನ್ನೂ ಬೆರಗಿನದು. ಪ್ಲೇಗ್ ಬಂದಾಗ ಹೊತ್ತ ಹರಕೆಯಂತೆ 1634ರಿಂದ ಯೇಸುವಿನ ಕೊನೆಯ ದಿನಗಳ ನಾಟಕವನ್ನು ಆಡುತ್ತಾ ಬಂದಿದ್ದಾರೆ, ಈಗ ಹತ್ತು ವರ್ಷಕ್ಕೊಮ್ಮೆ. ಸುಮಾರು 5,000 ಜನರ ಊರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ವೇದಿಕೆಯ ಮೇಲಿರುತ್ತಾರೆ. ಅಲ್ಲೇ ಹುಟ್ಟಿರಬೇಕು ಅಥವಾ 20 ವರ್ಷ ಅಲ್ಲಿ ವಾಸವಾಗಿರಬೇಕು ಅನ್ನುವುದು ಮುಖ್ಯ ನಿಯಮ. 2022ರಲ್ಲಿ ನಾಟಕ ಮಧ್ಯಾಹ್ನ ಶುರುವಾಗಿ, ನಡುವೆ ಊಟಕ್ಕೆ ಉದ್ದ ಬಿಡುವು ಕೊಟ್ಟು, ರಾತ್ರಿ ಮುಗಿಯುತ್ತಿತ್ತು. ಇಲ್ಲೂ ಅದೇ ಗುಟ್ಟು: ನೋಡುಗ ರಾತ್ರಿ ಊರಲ್ಲೇ ತಂಗುವಂತೆ ಮಾಡುವುದು.

ಕೊನೆಯದಾಗಿ ಊರಿನ ಜನ. ಇದನ್ನು ಕಡೆಗಣಿಸಿದರೆ ಉಳಿದದ್ದೆಲ್ಲ ವ್ಯರ್ಥ. ವೆನಿಸ್‌ನ ಹಳೆಯ ನಗರದಲ್ಲಿ 1951ರಲ್ಲಿ 1,70,000ಕ್ಕೂ ಹೆಚ್ಚು ಜನ ಇದ್ದರು. ಈಗ 50,000ಕ್ಕಿಂತ ಕಡಿಮೆ. ಪ್ರವಾಸಿಗೆ ಮನೆ ಬಾಡಿಗೆ ಕೊಟ್ಟರೆ ಬರುವ ಹಣ ಊರಿನವರಿಗೆ ಕೊಟ್ಟರೆ ಬರುವುದಿಲ್ಲ. ಹಾಗಾಗಿ ಮನೆಗಳು ಒಂದೊಂದಾಗಿ ಕೈಬಿಟ್ಟವು. ವೆನಿಸ್ 2021ರಲ್ಲಿ ಭಾರಿ ಕ್ರೂಸ್ ಹಡಗುಗಳನ್ನು ನಡುವಿನ ಕಾಲುವೆಯಿಂದ ಹೊರಗಿಟ್ಟಿತು. 2024ರಿಂದ ಜನಜಂಗುಳಿಯ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶ ಶುಲ್ಕ ಹಾಕಿತು, ಆ ವರ್ಷ ಅದು 5 ಯೂರೊ. ರಾತ್ರಿ ತಂಗುವವರಿಗೆ ಈ ಶುಲ್ಕ ಇಲ್ಲ. ಯಾವ ಬಗೆಯ ಪ್ರವಾಸಿ ಬೇಕು ಎನ್ನುವುದನ್ನು ಆ ನಿಯಮದಲ್ಲೇ ಹೇಳಿದ್ದಾರೆ. ಬಾರ್ಸಿಲೋನಾದಲ್ಲಿ 2024ರಲ್ಲಿ ಜನ ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲು ಹಿಡಿದು ಪ್ರತಿಭಟಿಸಿದರು. ಅಲ್ಲಿನ ಆಡಳಿತ ಪ್ರವಾಸಿಗರಿಗೆ ಬಾಡಿಗೆ ಕೊಡುವ 10,000ಕ್ಕೂ ಹೆಚ್ಚು ಫ್ಲಾಟುಗಳ ಪರವಾನಗಿಯನ್ನು 2028ರೊಳಗೆ ಕೊನೆಗೊಳಿಸುವುದಾಗಿ ಹೇಳಿದೆ. ಎಡಿನ್‌ಬರೋ 2026ರ ಜುಲೈಯಿಂದ ತಂಗುವ ದರದ ಮೇಲೆ ಶೇ. 5ರ ತೆರಿಗೆ ತರಲು ತೀರ್ಮಾನಿಸಿತು. ಇಂಥ ತೆರಿಗೆ ನನಗೆ ಒಪ್ಪಿಗೆ, ಒಂದು ಷರತ್ತಿನ ಮೇಲೆ. ಆ ಹಣ ಆ ಬೀದಿಗಳ ಕಸ, ನೀರು, ಕಟ್ಟಡ ದುರಸ್ತಿಗೇ ಹೋಗುವುದು ಅಲ್ಲಿ ವಾಸಿಸುವವರ ಕಣ್ಣಿಗೆ ಕಾಣಬೇಕು.

ನೀವು ಇಂಥ ಯೋಜನೆಯೊಂದರ ಮೇಲೆ ಕೂತಿದ್ದರೆ, ಮೊದಲ ವರ್ಷ ಏನನ್ನೂ ಕಟ್ಟಬೇಡಿ. ಊರಲ್ಲಿ ಈಗಾಗಲೇ ನಡೆಯುತ್ತಿರುವ ಕಾರ್ಯಕ್ರಮಗಳ ಬಾಗಿಲಲ್ಲಿ ಮೇಲೆ ಹೇಳಿದ ಪ್ರಶ್ನೆಗಳನ್ನು ಕೇಳಿಸಿ. ಹೋಟೆಲುಗಳು ಯಾವ ತಿಂಗಳು ಖಾಲಿ ಎಂದು ಪಟ್ಟಿ ಮಾಡಿ. ಹಳೆಯ ಅಂಗಳ, ಗೋದಾಮು, ಮೈದಾನಗಳಲ್ಲಿ ರಾತ್ರಿ ಹೊತ್ತು ತೆರೆಯಬಹುದಾದವು ಯಾವುವು, ಅಲ್ಲಿಂದ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ನೋಡಿ. ಸುತ್ತಲಿನ ಮನೆಗಳವರನ್ನು ಕರೆದು ಮಾತಾಡಿ. ಎರಡನೇ ವರ್ಷ ಒಂದು ಜಾಗದಲ್ಲಿ, ಖಾಲಿ ತಿಂಗಳಲ್ಲಿ, ಮೂರು ರಾತ್ರಿಯ ಕಾರ್ಯಕ್ರಮ ಇಡಿ. ಅದರ ತಾರೀಖನ್ನು ಒಂದು ವರ್ಷ ಮೊದಲೇ ಹೇಳಿಬಿಡಿ. ಮುಂದಿನ ವರ್ಷದ ತಾರೀಖನ್ನೂ ಮುಕ್ತಾಯದ ರಾತ್ರಿಯೇ ಹೇಳಿ.